ಮುಖದ ಎಣ್ಣೆಯೂ ಕಮಟಾಗುತ್ತದೆ



ಆರೋಗ್ಯ ಕುರಿತ ನಮ್ಮ ಚರ್ಚೆಯ ದಿನ ಸ್ಟುಡಿಯೋಗೆ ಬಂದಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ದಿನಕ್ಕೆ ಆರು ಸಲ ಸೋಪು ಹಾಕಿ ಮುಖ ತೊಳೆಯುತ್ತೇನೆ ಸಾರ್, ಆದರೂ ಮೊಡವೆ ಹೋಗುವುದಿಲ್ಲ. ಗೆಳತಿಯರು ನನ್ನನ್ನು ಕೊಳಕಿ ಅನ್ನುತ್ತಾರೆ." ಸಮಯ ಮುಗಿದಿದ್ದರಿಂದ ಅಂದು ಪೂರ್ಣ ಉತ್ತರ ಕೊಡಲಾಗಲಿಲ್ಲ. ಅದು ಇಲ್ಲಿದೆ.

ಹಬ್ಬಕ್ಕೆ ಕರಿದ ಚಕ್ಕುಲಿ ಬಹಳ ದಿನ ಉಳಿದರೆ ಕಮಟು ವಾಸನೆ ಬರುತ್ತದೆಯಲ್ಲವೆ? ಅದರಲ್ಲಿನ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸಂಯೋಗ ಹೊಂದುವುದೇ ಇದಕ್ಕೆ ಕಾರಣ. ಈ ಕ್ರಿಯೆಗೆ ಉತ್ಕರ್ಷಣ ಎಂದು ಹೆಸರು. ಇದೇ ಕ್ರಿಯೆ ನಮ್ಮ ಮುಖದ ಮೇಲೂ ನಡೆಯುತ್ತಿರುತ್ತದೆ.

ಚರ್ಮದಲ್ಲಿರುವ ಮೇದೋಗ್ರಂಥಿಗಳು 'ಸೀಬಮ್' ಎಂಬ ಜಿಡ್ಡನ್ನು ಸ್ರವಿಸುತ್ತವೆ. ಅದರಲ್ಲಿ ಸುಮಾರು ಶೇಕಡಾ 12 ಭಾಗ ಸ್ಕ್ವಾಲೀನ್. ಜಪಾನಿನ ರಸಾಯನ ವಿಜ್ಞಾನಿ ಮಿತ್ಸುಮಾರು ತ್ಸುಜಿಮೊತೊ 1906ರಲ್ಲಿ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಗುರುತಿಸಿದ ವಸ್ತುವೂ ಇದೇ. ಇದರ ಅಣುವಿನಲ್ಲಿ 30 ಇಂಗಾಲದ ಪರಮಾಣುಗಳೂ 6 ದ್ವಿಬಂಧಗಳೂ ಇವೆ. ಈ ದ್ವಿಬಂಧಗಳಿಂದಾಗಿಯೇ ಸ್ಕ್ವಾಲೀನ್ ಸುಲಭವಾಗಿ ಉತ್ಕರ್ಷಣಕ್ಕೆ ತುತ್ತಾಗುತ್ತದೆ.

ಬಿಸಿಲಿನ ಅತಿನೇರಳೆ ಕಿರಣಗಳು ಬಿದ್ದಾಗ ಸ್ಕ್ವಾಲೀನ್ ಪೆರಾಕ್ಸೈಡ್ ಆಗಿ ಮಾರ್ಪಡುತ್ತದೆ. ಸಿಗರೇಟಿನ ಹೊಗೆಯೂ ಈ ಉತ್ಕರ್ಷಣಕ್ಕೆ ಕಾರಣವಾಗುತ್ತದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ಹುಟ್ಟುವ ಓಜೋನ್ ಅನಿಲವಂತೂ ದ್ವಿಬಂಧಗಳನ್ನೇ ಮುರಿಯುತ್ತದೆ.

ಇದರಿಂದ ಆಗುವ ಹಾನಿ ಏನು? ಪೆರಾಕ್ಸೈಡ್‌ಗಳು ರೋಮರಂಧ್ರದ ಒಳಗೋಡೆಯ ಜೀವಕೋಶಗಳನ್ನು ಕೆರಳಿಸುತ್ತವೆ. ಗೋಡೆ ದಪ್ಪವಾಗಿ ರಂಧ್ರ ಮುಚ್ಚಿಕೊಳ್ಳಬಹುದು, ಉರಿಯೂತ ಉಂಟಾಗಬಹುದು. ಮೊಲದ ಕಿವಿಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಉತ್ಕರ್ಷಿತ ಸ್ಕ್ವಾಲೀನ್ ಹೀಗೆ ರಂಧ್ರ ಮುಚ್ಚಿದ್ದು ಕಂಡುಬಂದಿದೆ. ಆದರೆ ಮೊಡವೆಗೆ ಇದೊಂದೇ ಕಾರಣವಲ್ಲ. ಹರೆಯದ ಹಾರ್ಮೋನುಗಳು, ಬ್ಯಾಕ್ಟೀರಿಯಾ, ವಂಶವಾಹಿಗಳ ಪಾತ್ರವೂ ಇದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆಯಲ್ಲ. ರಂಧ್ರದಲ್ಲಿ ಸಿಕ್ಕಿಕೊಂಡ ಜಿಡ್ಡು ಮತ್ತು ಮೆಲನಿನ್ ವರ್ಣದ್ರವ್ಯ ಗಾಳಿಗೆ ತೆರೆದುಕೊಂಡಾಗ ಹಾಗೆ ಕಪ್ಪಾಗಿ ಕಾಣುತ್ತದೆ.

ಪ್ರಕೃತಿ ನಮ್ಮನ್ನು ಕಾವಲಿಲ್ಲದೆ ಬಿಟ್ಟಿಲ್ಲ. ಸೀಬಮ್ ಜೊತೆಯಲ್ಲೇ 'ಇ' ಜೀವಸತ್ವವೂ ಚರ್ಮದ ಮೇಲಕ್ಕೆ ಬಂದು ಉತ್ಕರ್ಷಣವನ್ನು ತಡೆಯುತ್ತದೆ. ಬಿಸಿಲು ಅತಿಯಾದಾಗ ಈ ಕಾವಲು ಕರಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ದಿನಕ್ಕೆ ಎರಡು ಸಲ ಸೌಮ್ಯ ಸೋಪಿನಿಂದ ಮುಖ ತೊಳೆದರೆ ಸಾಕು. ಮತ್ತೆ ಮತ್ತೆ ತಿಕ್ಕಿದರೆ ಚರ್ಮ ಒಣಗಿ ಇನ್ನಷ್ಟು ಕೆರಳುತ್ತದೆ. ನಡುಹಗಲಲ್ಲಿ ಕೊಡೆಯೋ ಟೋಪಿಯೋ ಇರಲಿ. ಸಿಗರೇಟು ಬೇಡವೇ ಬೇಡ. ಮೊಡವೆ ನೋಯುತ್ತಿದ್ದರೆ, ಕಲೆ ಉಳಿಯುತ್ತಿದ್ದರೆ ಚರ್ಮವೈದ್ಯರನ್ನು ಕಾಣಿರಿ.

ಆ ವಿದ್ಯಾರ್ಥಿನಿಗೂ ಅವಳ ಗೆಳತಿಯರಿಗೂ ಹೇಳಬೇಕಾದ ಮಾತು ಇಷ್ಟೆ: ಮೊಡವೆ ಕೊಳಕಿನ ಗುರುತಲ್ಲ.