ಹಳೆಯ ಮೋಟಾರು ಬಂಡಿಗಳಲ್ಲಿ ಕ್ಲಚ್ಚು ಜಾರುವುದನ್ನು ಗುರುತಿಸುವ ಕ್ರಮ

ಗ್ರಾಮಾಂತರದಲ್ಲಿ ಹಳೆಯ ಜೀಪುಗಳೂ 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರುಗಳೂ ಇನ್ನೂ ಕೆಲವೆಡೆ ಉಪಯೋಗದಲ್ಲಿವೆ. ಇಂಥ ಬಂಡಿಯು ಏರಿನಲ್ಲಿ ಸೋತರೆ, ಎಂಜಿನ್ನಿನ ಬಲ ಕುಂದಿತೆಂದು ಭಾವಿಸಿ ಅದನ್ನೇ ಬಿಚ್ಚಿಸುವವರುಂಟು. ದೋಷವು ಕ್ಲಚ್ಚಿನಲ್ಲಿದ್ದರೆ ಆ ವೆಚ್ಚವೆಲ್ಲವೂ ವ್ಯರ್ಥವಾಗುವುದು. ಆದುದರಿಂದ ಮೊದಲು ದೋಷದ ಸ್ಥಾನವನ್ನು ನಿಶ್ಚಯಿಸಿಕೊಳ್ಳತಕ್ಕದ್ದು.

ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಫ್ಲೈವೀಲಿಗೂ, ಸ್ಪ್ರಿಂಗಿನ ಬಲದಿಂದ ಅದುಮುವ ಫಲಕಕ್ಕೂ ನಡುವೆ, ಎರಡು ಮಗ್ಗುಲಲ್ಲಿಯೂ ಒರಟು ಪದರವುಳ್ಳ ತಟ್ಟೆಯೊಂದಿರುವುದು. ಈ ತಟ್ಟೆಯ ಹಿಡಿತದಿಂದಲೇ ಎಂಜಿನ್ನಿನ ಬಲವು ಗೇರು ಪೆಟ್ಟಿಗೆಗೆ ಸಾಗುತ್ತದೆ. ಪೆಡಲನ್ನು ಪೂರ್ತಿಯಾಗಿ ಬಿಟ್ಟ ಮೇಲೆಯೂ ಹಿಡಿತವು ಸಾಲದೆ ಹೋದರೆ ಕ್ಲಚ್ಚು ಜಾರುತ್ತದೆಂದು ಹೇಳುವರು.

ಲಕ್ಷಣಗಳು: ಹೊರೆ ಹೊತ್ತು ಮೇಲಿನ ಗೇರಿನಲ್ಲಿ ಏರನ್ನು ಹತ್ತುವಾಗ ಈ ದೋಷವು ಮೊದಲು ತೋರುವುದು. ಎಂಜಿನ್ನಿನ ಸದ್ದೂ ಬಂಡಿಯ ವೇಗವೂ ಜೊತೆಯಾಗಿಯೇ ಕುಗ್ಗಿದರೆ ಎಂಜಿನ್ನನ್ನು ಶಂಕಿಸಬೇಕು. ಸದ್ದು ಏರಿದರೂ ವೇಗವು ಏರದಿದ್ದು, ಚಕ್ರಗಳು ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಲೂ ಇಲ್ಲದಿದ್ದರೆ ಕ್ಲಚ್ಚನ್ನು ಶಂಕಿಸಬೇಕು. ಸುಟ್ಟ ವಾಸನೆಯು ಇದಕ್ಕೆ ಮತ್ತೊಂದು ಸಾಕ್ಷಿ.

ಪರೀಕ್ಷೆ: ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆಯೂ ಮುಂದೆಯೂ ದಿಮ್ಮಿ ಕೊಟ್ಟು, ಕೈಬ್ರೇಕನ್ನು ಬಿಗಿಯಾಗಿ ಎಳೆಯಬೇಕು. ಬಂಡಿಯ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಕೂಡದು. ಎಂಜಿನ್ನನ್ನು ಚಾಲೂ ಮಾಡಿ, ಪೆಡಲನ್ನು ತುಳಿದು, ಎಲ್ಲಕ್ಕೂ ಮೇಲಿನ ಗೇರಿಗೆ ಹಾಕಿ, ವೇಗವನ್ನು ಸ್ವಲ್ಪ ಹೆಚ್ಚಿಸಿ, ಪೆಡಲನ್ನು ನಿಧಾನವಾಗಿ ಬಿಡಬೇಕು. ಕ್ಲಚ್ಚು ಸರಿಯಾಗಿದ್ದರೆ ಎಂಜಿನ್ನು ತಿಣುಕಿ ನಿಂತುಹೋಗುವುದು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿದು, ಕೂಡಲೇ ಪೆಡಲನ್ನು ತುಳಿದು ಎಂಜಿನ್ನನ್ನು ಆರಿಸಬೇಕು. ಈ ಪರೀಕ್ಷೆಯೇ ತಟ್ಟೆಯನ್ನು ಕಾಯಿಸುವುದರಿಂದ ಪದೇ ಪದೇ ಮಾಡತಕ್ಕದ್ದಲ್ಲ.

ಕಾರಣಗಳೂ ಪರಿಹಾರವೂ: ಮೊದಲು ನೋಡಬೇಕಾದುದು ಪೆಡಲಿನ ಸಡಿಲು. ಅನೇಕ ಹಳೆಯ ಬಂಡಿಗಳಲ್ಲಿ ಕ್ಲಚ್ಚು ಬಿಡಲಾರಂಭಿಸುವ ಮುನ್ನ ಪೆಡಲು ಸುಮಾರು 1 ಅಂಗುಲದಷ್ಟು ಹಗುರವಾಗಿ ಇಳಿಯಬೇಕು. ನಿಖರವಾದ ಅಳತೆಯನ್ನು ಆಯಾ ಬಂಡಿಯ ಕೈಪಿಡಿಯಲ್ಲಿ ನೋಡಬೇಕು. ಪದರವು ಸವೆದಂತೆ ಈ ಸಡಿಲು ಕಡಿಮೆಯಾಗುತ್ತದೆ. ಪೂರ್ತಿ ಇಲ್ಲವಾದರೆ ಪೆಡಲನ್ನು ಸದಾ ಅರೆ ತುಳಿದಂತಾಗಿ ಕ್ಲಚ್ಚು ಜಾರುವುದು. ತಿರುಪನ್ನು ಹೊಂದಿಸುವುದರಿಂದಲೇ ಇದು ಸರಿಹೋಗಬಹುದು; ಇದಕ್ಕೆ ಹೆಚ್ಚು ವೆಚ್ಚವಿಲ್ಲ. ಸಡಿಲು ಸರಿಯಿದ್ದೂ ಜಾರಿದರೆ ಪದರ ಸವೆದಿರಬೇಕು, ಸ್ಪ್ರಿಂಗು ಸೋತಿರಬೇಕು, ಇಲ್ಲವೇ ಎಣ್ಣೆ ಸೋರಿ ತಟ್ಟೆಗೆ ತಗಲಿರಬೇಕು. ಆಗ ಗೇರು ಪೆಟ್ಟಿಗೆಯನ್ನು ಇಳಿಸುವುದು ಅನಿವಾರ್ಯ. ಎಣ್ಣೆಯ ಸೋರಿಕೆಯನ್ನು ನಿಲ್ಲಿಸದೆ ಹೊಸ ತಟ್ಟೆಯನ್ನು ಹಾಕಿದರೆ ಅದೂ ಕೆಡುವುದು. ಹಳೆಯ ಪದರಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇರಬಹುದು. ಅದರ ಧೂಳನ್ನು ಊದಿ ತೆಗೆಯಕೂಡದು.

ಜಾರುವ ಕ್ಲಚ್ಚಿನಿಂದ ಬಂಡಿಯನ್ನು ಓಡಿಸುತ್ತ ಹೋದರೆ ಫ್ಲೈವೀಲೂ ಸುಟ್ಟು ಗೀರು ಬೀಳುವುದು. ಇದಕ್ಕಿಂತ ಮಿಗಿಲಾದ ಅಪಾಯವೆಂದರೆ, ಘಟ್ಟ ಇಳಿಯುವಾಗ ಬಂಡಿಯನ್ನು ತಡೆಯಬೇಕಾದ ಎಂಜಿನ್ನಿನ ಹಿಡಿತವು ತಪ್ಪಿ, ಭಾರವೆಲ್ಲವೂ ಬ್ರೇಕುಗಳ ಮೇಲೆಯೇ ಬೀಳುವುದು. ಆದಕಾರಣ ಯಜಮಾನರು ಚಾಲಕನು ಓಡಿಸುವಾಗ ಪೆಡಲಿನ ಮೇಲೆ ಕಾಲಿಟ್ಟುಕೊಂಡಿರದಂತೆ ನೋಡಿಕೊಂಡು, ಪೆಡಲಿನ ಸಡಿಲನ್ನು ತಿಂಗಳಿಗೊಮ್ಮೆ ಪರೀಕ್ಷಿಸುವುದು ಒಳ್ಳೆಯದು.