ಪುಸ್ತಕೋದ್ಯಮ: ಗ್ರಾಮೀಣ ಲೇಖಕರ ಪಾಲು ಮತ್ತು ಲಿಖಿತ ಕರಾರು

ಪುಸ್ತಕ ಪ್ರಕಾಶನವೂ ಒಂದು ಉದ್ದಿಮೆಯೇ. ಕಾಗದ, ಮುದ್ರಣ, ಬೈಂಡಿಂಗ್ ಎಲ್ಲಕ್ಕೂ ಬಿಲ್ಲು ಇರುತ್ತದೆ. ಮುಖ್ಯ ಸರಕಾದ ಹಸ್ತಪ್ರತಿಯ ವ್ಯವಹಾರ ಮಾತ್ರ ಅನೇಕ ಕಡೆ ಬಾಯಿಮಾತಿನಲ್ಲೇ ಮುಗಿಯುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂತಹ ಗ್ರಾಮದಿಂದ ಮೊದಲ ಪುಸ್ತಕ ಹಿಡಿದು ಬರುವ ಮಹಿಳೆ, ದಲಿತ ಅಥವಾ ಸೋಲಿಗ ಯುವಕನಿಗೆ ಹೆಚ್ಚಿನ ನಷ್ಟವಾಗುವುದು ಇಲ್ಲಿಯೇ. ಮುದ್ರಣಾಲಯ ಹಾಗೂ ಪುಸ್ತಕ ವ್ಯಾಪಾರ ನಡೆಸುವ ಸದಸ್ಯರು, ಸ್ವಂತ ಖರ್ಚಿನಲ್ಲಿ ಪುಸ್ತಕ ಹೊರತರುವ ವರ್ತಕ ಬಾಂಧವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

ಕಾಯಿದೆ ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಲೇಖಕರ ಸಹಿ ಇರಬೇಕು. ಗೌರವಧನದ ಪ್ರಮಾಣವನ್ನು ನಮೂದಿಸಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷವೆಂದೂ, ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರವೆಂದೂ ಪರಿಗಣಿಸಲಾಗುತ್ತದೆ. ಆದ್ದರಿಂದ ಬಾಯಿಮಾತಿನ ಒಪ್ಪಂದ ಪ್ರಕಾಶಕರಿಗೂ ಭದ್ರವಲ್ಲ.

ತೆರಿಗೆಯ ಲೆಕ್ಕ

200 ರೂಪಾಯಿ ಬೆಲೆಯ ಪುಸ್ತಕದ 500 ಪ್ರತಿಗಳು ಮಾರಾಟವಾದವು, ಲೇಖಕರಿಗೆ ಶೇಕಡಾ 10ರಷ್ಟು ಗೌರವಧನ ಎಂದಿಟ್ಟುಕೊಳ್ಳೋಣ. ಲೇಖಕರ ಪಾಲು 10,000 ರೂಪಾಯಿ. ಲೇಖಕರು ತಾವೇ ತೆರಿಗೆ ಕಟ್ಟುವುದಾಗಿ ನೋಂದಣಿ ಮಾಡಿಸಿ ಘೋಷಿಸದ ಹೊರತು, ಇದರ ಮೇಲಿನ ಶೇಕಡಾ 18 ಜಿಎಸ್‌ಟಿಯನ್ನು, ಅಂದರೆ 1,800 ರೂಪಾಯಿಯನ್ನು, ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಪ್ರಕಾಶಕರೇ ಪಾವತಿಸಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿರುವುದರಿಂದ ಈ ಮೊತ್ತಕ್ಕೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಇದನ್ನು ಬೆಲೆ ನಿಗದಿಯ ಹಂತದಲ್ಲೇ ಲೆಕ್ಕಕ್ಕೆ ಹಿಡಿಯಬೇಕೇ ಹೊರತು ಆಮೇಲೆ ಲೇಖಕರ ಪಾಲಿನಿಂದ ಮುರಿದುಕೊಳ್ಳುವುದು ಸಲ್ಲದು.

ಹಾಡುವವರು, ಅನುವಾದಕರು

ಮಲೆ ಮಹದೇಶ್ವರ, ಮಂಟೇಸ್ವಾಮಿ ಕಾವ್ಯಗಳು ನಮ್ಮ ಜಿಲ್ಲೆಯ ಸಂಪತ್ತು. ಜನಪದ ಕಾವ್ಯಕ್ಕೆ ಒಬ್ಬ ಕರ್ತೃವಿಲ್ಲವಾದರೂ, ಹಾಡಿದ ಕಲಾವಿದರಿಗೆ ತಮ್ಮ ಗಾಯನದ ಮೇಲೆ 50 ವರ್ಷಗಳ ಪ್ರದರ್ಶಕರ ಹಕ್ಕು ಇದೆ. ಧ್ವನಿಮುದ್ರಣಕ್ಕೆ ಅವರ ಒಪ್ಪಿಗೆ ಅಗತ್ಯ. ಪುಸ್ತಕದಲ್ಲಿ ಸಂಪಾದಕರೊಡನೆ ಅವರ ಹೆಸರೂ ಇರುವುದು ನ್ಯಾಯ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಪಡೆಯಿತು. ಅದನ್ನು ಹೊರತಂದದ್ದು 'ಆ್ಯಂಡ್ ಅದರ್ ಸ್ಟೋರೀಸ್' ಎಂಬ ಇಂಗ್ಲೆಂಡಿನ ಸಣ್ಣ ಸಂಸ್ಥೆ. 50,000 ಪೌಂಡ್ ಬಹುಮಾನದಲ್ಲಿ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಅನುವಾದಕರ ಪಾಲನ್ನು ಕರಾರಿನಲ್ಲಿ ಕಾಣಿಸಲು ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಅಂಧ ಓದುಗರು

2012ರ ತಿದ್ದುಪಡಿಯ ಅನ್ವಯ, ಲಾಭದ ಉದ್ದೇಶವಿಲ್ಲದೆ ವಿಶೇಷಚೇತನರಿಗಾಗಿ ಕೆಲಸ ಮಾಡುವ ಸಂಸ್ಥೆಗಳು ಕೃತಿಯನ್ನು ಬ್ರೈಲ್ ಅಥವಾ ಧ್ವನಿರೂಪಕ್ಕೆ ತರಲು ಅನುಮತಿ ಬೇಕಿಲ್ಲ. ಪ್ರಕಾಶಕರು ಕಂಪ್ಯೂಟರ್ ಕಡತ ಒದಗಿಸಿದರೆ ಅವರ ಶ್ರಮ ಬಹಳಷ್ಟು ಉಳಿಯುತ್ತದೆ.

ಸದಸ್ಯರು ಮಾಡಬಹುದಾದುದು

1. ಗೌರವಧನ, ಅವಧಿ, ಪ್ರತಿಗಳ ಸಂಖ್ಯೆ ನಮೂದಿಸಿದ ಕರಾರನ್ನು ಸರಳ ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಒಂದು ಪ್ರತಿ ಲೇಖಕರಿಗೆ ಕೊಡುವುದು.
2. ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ ಒಪ್ಪಿಸುವುದು.
3. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪ್ರೋತ್ಸಾಹಧನದ ಮಾಹಿತಿ ತಿಳಿಸುವುದು.

ಸಾಲದ ಚೀಟಿಗೆ ಸಹಿ ಪಡೆಯದೆ ಯಾವ ವರ್ತಕನೂ ಹಣ ಕೊಡುವುದಿಲ್ಲ. ಅದೇ ಶಿಸ್ತು ಹಸ್ತಪ್ರತಿಯ ವಿಷಯದಲ್ಲೂ ಇರಲಿ.