ಹಳದಿ ತೋಟದ ನಡುವೆ ಹಸುರು ಮರ

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಕಡೆಯ ಅಡಿಕೆ ತೋಟಗಳನ್ನು ನೀವು ನೋಡಿದ್ದರೆ ಹಳದಿ ಎಲೆ ರೋಗದ ಪರಿಚಯ ಇದ್ದೇ ಇರುತ್ತದೆ. ಕೆಳಗಿನ ಎರಡು ಮೂರು ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ. ನಡುನರದ ಪಕ್ಕದಲ್ಲಿ ಮಾತ್ರ ಹಸುರು ಉಳಿಯುತ್ತದೆ. ಬೇರಿನ ತುದಿ ಕಪ್ಪಾಗುತ್ತದೆ. ಕಾಯಿ ಉದುರುತ್ತದೆ, ಉಳಿದ ಕಾಯಿಯ ತಿರುಳು ಮೆತ್ತಗಾಗಿ ಬಣ್ಣ ಕೆಡುತ್ತದೆ. ಮರ ಕೂಡಲೇ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಫಸಲು ಇಳಿದು, ತೋಟವನ್ನೇ ನಂಬಿದ ಮನೆ ಬರಿದಾಗುತ್ತದೆ.

ಕಾರಣ ಫೈಟೊಪ್ಲಾಸ್ಮ ಎಂಬ, ಕೋಶಭಿತ್ತಿಯಿಲ್ಲದ ಅತಿ ಸಣ್ಣ ಬ್ಯಾಕ್ಟೀರಿಯ. ಅದು ಮರದ ಆಹಾರನಾಳದೊಳಗೆ ವಾಸಿಸುತ್ತದೆ. ರಸ ಹೀರುವ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವಂತೆ ಇದಕ್ಕೆ ಮದ್ದು ಹೊಡೆಯಲು ಬರುವುದಿಲ್ಲ. ಗೊಬ್ಬರ, ಬಸಿಗಾಲುವೆ ಸರಿಯಿದ್ದರೆ ನಷ್ಟ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೆ.

ಹಾಗಾದರೆ ದಾರಿ ಯಾವುದು? ಪೂರ್ತಿ ಹಳದಿಯಾದ ತೋಟದಲ್ಲೂ ಕೆಲವು ಮರಗಳು ಹಲವು ವರ್ಷ ಹಸುರಾಗಿಯೇ ನಿಂತಿರುತ್ತವೆ. ಯಾವ ಮರ, ಎಷ್ಟು ವರ್ಷದಿಂದ ಎಂಬುದನ್ನು ಬಲ್ಲವನು ಕೃಷಿಕ. ವಿಟ್ಲದಲ್ಲಿ 1956ರಿಂದ ಇರುವ ಅಡಿಕೆ ಸಂಶೋಧನಾ ಕೇಂದ್ರ ಮತ್ತು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೋಗಪೀಡಿತ ತೋಟಗಳಲ್ಲಿ ಇಂಥ ಮರಗಳನ್ನು ಗುರುತಿಸಿದ್ದಾರೆ. ಸಂಸ್ಥೆಯ ಹೊಲದಲ್ಲಿ ಮಾತ್ರ ಈ ಸಂಶೋಧನೆ ಸಾಧ್ಯವಿರಲಿಲ್ಲ, ಏಕೆಂದರೆ ಪರೀಕ್ಷೆಗೆ ಬೇಕಾದ ರೋಗದ ಒತ್ತಡ ಇರುವುದು ರೈತನ ತೋಟದಲ್ಲಿ.

ಆದರೆ ಹಸುರಾಗಿರುವುದೆಲ್ಲ ನಿರೋಧಕ ಮರವಲ್ಲ. ಹುಳು ಅಲ್ಲಿಗೆ ತಲಪದೆಯೂ ಇದ್ದಿರಬಹುದು. ಸೋಂಕು ಇದೆಯೇ ಎಂದು ಡಿಎನ್‌ಎ ಪರೀಕ್ಷೆಯಿಂದ ನೋಡಬೇಕು. ನಂತರ ಸಂತತಿಯನ್ನು ರೋಗದ ನಡುವೆಯೇ ಬೆಳೆಸಿ ನೋಡಬೇಕು. ಇನ್ನೊಂದು ತೊಡಕೂ ಇದೆ. ಅಡಿಕೆಯಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು. ಹಸುರು ಮರದ ಬೀಜಕ್ಕೆ ಪರಾಗ ಕೊಟ್ಟದ್ದು ಪಕ್ಕದ ರೋಗಿ ಮರವಾಗಿರಬಹುದು. ಅದಕ್ಕಾಗಿ ಹಿಂಗಾರಕ್ಕೆ ಚೀಲ ಕಟ್ಟಿ, ಹಸುರು ಮರಗಳ ನಡುವೆಯೇ ಪರಾಗಸ್ಪರ್ಶ ಮಾಡಿಸಬೇಕು.

ಕಸಿ ಕಟ್ಟಬಾರದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರವನ್ನು ನೋಡಿ: ಒಳ್ಳೆಯ ಗೇರು ಮರ ಸಿಕ್ಕರೆ ಅದರ ಕುಡಿಯನ್ನು ಸಸಿಗೆ ಕಸಿ ಮಾಡಿ ಅದೇ ಗುಣದ ಗಿಡಗಳನ್ನು ಎಷ್ಟಾದರೂ ಪಡೆಯಬಹುದು. ಅಡಿಕೆ ಏಕದಳ ಸಸ್ಯ. ಅದರ ಕಾಂಡದಲ್ಲಿ ಕ್ಯಾಂಬಿಯಂ ಇಲ್ಲ, ಕೊಂಬೆಯೂ ಇಲ್ಲ, ಕಸಿ ಹಿಡಿಯುವುದಿಲ್ಲ. ಆದ್ದರಿಂದ ಎಳೆಯ ಹಿಂಗಾರದ ತುಣುಕಿನಿಂದ ಅಂಗಾಂಶ ಕೃಷಿ ಮಾಡುವ ವಿಧಾನವನ್ನು ಸಂಸ್ಥೆ ರೂಪಿಸಿತು. ಕಡಬ ತಾಲ್ಲೂಕಿನ ಕಿದುವಿನಲ್ಲಿ ಇದೇ ಸಂಸ್ಥೆ ದೇಶವಿದೇಶಗಳ ತೆಂಗಿನ ತಳಿಗಳನ್ನು ಕಾಪಾಡುತ್ತಿದೆ. ತಾಳೆ ಜಾತಿಯ ಮರಗಳನ್ನು ಹೀಗೆ ನೆಲದಲ್ಲಿ ಬೆಳೆಸಿಯೇ ಉಳಿಸಿಕೊಳ್ಳುವುದು ರೂಢಿ.

ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ನಿರೋಧಕ ಶಕ್ತಿ ತಿಳಿಯಲು ಇನ್ನೂ ಹೆಚ್ಚು. ಮೂರು ವರ್ಷದ ಯೋಜನೆಗಳಿಗೆ ಈ ಮರ ಬಗ್ಗುವುದಿಲ್ಲ! ಮರ ಕೊಟ್ಟ ಕೃಷಿಕನಿಗೆ ಮೊದಲ ಸಸಿಗಳು ಸಿಗಬೇಕು, ಪ್ರಯೋಗ ಸೋತರೂ ಫಲಿತಾಂಶವನ್ನು ಅವನಿಗೆ ಹೇಳಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಶಿಕ್ಷಕರೇ, ನಿಮ್ಮ ಊರಿನ ಒಂದು ತೋಟದ ನಕ್ಷೆ ಬರೆಯಿಸಿ. ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಬಣ್ಣ ಗುರುತಿಸಲಿ. ನೀರು ನಿಂತರೂ, ಪೋಷಕಾಂಶ ಕಡಿಮೆಯಾದರೂ ಸೋಗೆ ಹಳದಿಯಾಗುವುದುಂಟು. ಆದ್ದರಿಂದ ಬಸಿಗಾಲುವೆ ಎಲ್ಲಿದೆ ಎಂಬುದನ್ನೂ ನಕ್ಷೆಯಲ್ಲಿ ಕಾಣಿಸಿ.